ಭಟ್ಟಿಗೆ ಹೋದ ಚಕ್ರಗಳು

ಪೆಟ್ಟಿಗೆ ಬಂದಾಗ ಅಮ್ಮ ಬಚ್ಚಲಿನಲ್ಲಿ ಅಪ್ಪನ ಕೆಲಸದ ಪ್ಯಾಂಟು ಉಜ್ಜುತ್ತಿದ್ದಳು. ಪಾರ್ಸೆಲ್ಲಿನವನು ಅದನ್ನು ಬಾಗಿಲಿಗೆ ಆನಿಸಿ, ಸಹಿ ಹಾಕಿಸಿಕೊಂಡು ಹೋದ. ಅಗಲವಾದ ಚಪ್ಪಟೆ ಪೆಟ್ಟಿಗೆ. ಒಳಗೆ ತರಬೇಕೆಂದರೆ ಅಜ್ಜಿಯ ಮಂಚ ಸರಿಸಬೇಕಾಯಿತು.

ಅಜ್ಜಿ ಕತ್ತು ಚಾಚಿ ನೋಡಿದಳು. "ಬಟ್ಟೆ ಒಗೆಯೋ ಮಷೀನು ಬಂತೇನೋ? ಇಷ್ಟು ಚಪ್ಪಟೆ ಇದೆ? ದಾರೀಲಿ ಯಾರಾದ್ರೂ ತುಳಿದ್ರಾ?"

"ಮಷೀನಲ್ಲ ಅಜ್ಜಿ. ಕಡ್ಡಿದು. ಸೈಕಲ್ ಚಕ್ರ," ಎಂದೆ.

ಬಚ್ಚಲಿನಲ್ಲಿ ಉಜ್ಜುವ ಸದ್ದು ನಿಂತಿತು.

ಕಡ್ಡಿ ಎಂದರೆ ನನ್ನ ತಂಗಿ. ಹುಟ್ಟಿದಾಗಿನಿಂದ ಸಪೂರ, ಆ ಹೆಸರು ಇಟ್ಟವಳು ಅಜ್ಜಿ. ಬ್ರೆಡ್ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸ, ಬೆಳಗಿನ ಪಾಳಿ. ಪಾಳಿ ಮುಗಿದದ್ದೇ ಸೈಕಲ್ ಹತ್ತಿದರೆ ಕೆರೆ ಸುತ್ತಿ, ಹೆದ್ದಾರಿ ಮುಟ್ಟಿ, ಕತ್ತಲಾಗುವ ಹೊತ್ತಿಗೆ ಮನೆಗೆ ಬರುತ್ತಿದ್ದಳು. ಅದು ಶೋಕಿಯಲ್ಲ. ಸೈಕಲ್ ಕ್ಲಬ್ಬಿನವರು ವರ್ಷಕ್ಕೊಮ್ಮೆ ಆಯ್ಕೆ ಓಟ ಇಡುತ್ತಾರೆ. ಒಬ್ಬೊಬ್ಬರನ್ನೇ ಬಿಟ್ಟು ಸಮಯ ನೋಡುತ್ತಾರೆ. ಮೊದಲು ಬಂದ ಇಬ್ಬರು ಹುಡುಗಿಯರಿಗೆ ತಂಡದಲ್ಲಿ ಜಾಗ, ತಿಂಗಳ ಸಂಬಳ, ಬ್ರೆಡ್ಡಿನ ಕೆಲಸಕ್ಕೆ ದೊಡ್ಡ ನಮಸ್ಕಾರ. ಹೋದ ವರ್ಷ ಅವಳಿಗೆ ಕೂದಲೆಳೆಯಲ್ಲಿ ತಪ್ಪಿತ್ತು. ಮುಂದೆ ಬಂದ ಇಬ್ಬರ ಸೈಕಲ್ಲಿಗೂ ಹೂವಿನಷ್ಟು ಹಗುರದ ಕಾರ್ಬನ್ ಚಕ್ರ. ಇವಳದು ಬೇರೆಯವರು ಓಡಿಸಿ ಬಿಟ್ಟ ಸೈಕಲ್ಲು, ಅದರ ಜೊತೆಗೇ ಬಂದ ಎಮ್ಮೆಯಂಥ ಚಕ್ರ.

ಅಂಗಡಿಯಲ್ಲಿ ಕಾರ್ಬನ್ ಚಕ್ರದ ಬೆಲೆ ಕೇಳಿದರೆ ನಮ್ಮಂಥವರು ಹಿಂದೆ ತಿರುಗಿ ನೋಡದೆ ಮನೆಗೆ ಬರಬೇಕು. ಅದಕ್ಕೇ ಕಡ್ಡಿ ಫೋನಿನಲ್ಲಿ ಸಮುದ್ರದಾಚೆಯವರನ್ನು ಹುಡುಕಿದಳು. ಯಾರ ಮಾಲು ಒಡೆಯಿತು, ಯಾರದು ಬಾಳಿಕೆ ಬಂತು, ಯಾರು ದುಡ್ಡು ನುಂಗಿ ಬಾಯಿ ಮುಚ್ಚಿಕೊಂಡರು ಎಂಬುದನ್ನೆಲ್ಲ ತಿಂಗಳುಗಟ್ಟಲೆ ಓದಿದಳು. ಕೊನೆಗೆ ಒಂದು ಸಣ್ಣ ಕಾರ್ಖಾನೆಯ ಹುಡುಗಿಯ ಜೊತೆ ಮಾತು ಕುದುರಿತು. ಆ ಹುಡುಗಿ ಪ್ರತಿ ಸಲವೂ "ಪ್ರಿಯ ಗೆಳತಿ" ಎಂದೇ ಶುರು ಮಾಡುತ್ತಿದ್ದಳು. ಕಡ್ಡಿಯ ಚಕ್ರಕ್ಕೆ ಸ್ಪೋಕು ಬಿಗಿಯುವುದನ್ನು ವೀಡಿಯೊ ಮಾಡಿಯೂ ಕಳಿಸಿದ್ದಳು.

ಚಕ್ರದ ದುಡ್ಡು ಕಡ್ಡಿಯ ಓವರ್‌ಟೈಮಿನದು. ಅದಕ್ಕೆ ಯಾರೂ ತುಟಿ ಬಿಚ್ಚುವಂತಿರಲಿಲ್ಲ. ಆದರೆ ಅವಳು ಕಸ್ಟಮ್ಸ್ ಸುಂಕ ಲೆಕ್ಕಕ್ಕೆ ಹಿಡಿದಿರಲಿಲ್ಲ. ಅದನ್ನು ಕಟ್ಟದೆ ಪೆಟ್ಟಿಗೆ ಬಿಡುವುದಿಲ್ಲ ಎಂದರು. ಅಕ್ಕಿ ಡಬ್ಬದ ಹಿಂದೆ ಅಮ್ಮ ಒಗೆಯುವ ಮಷೀನಿಗೆಂದು ಕೂಡಿಡುತ್ತಿದ್ದ ದುಡ್ಡಿಗೆ ಕೈ ಹೋಯಿತು.

ಪೆಟ್ಟಿಗೆ ಬಂದ ರಾತ್ರಿ ಊಟಕ್ಕೆ ಕೂತಾಗ ಅವಳೇ ಹೇಳಿದಳು. "ಅಮ್ಮ, ಮಷೀನಿನ ದುಡ್ಡು ತಗೊಂಡಿದೀನಿ. ಸುಂಕಕ್ಕೆ ಬೇಕಾಯ್ತು. ಕೇಳದೆ ತಗೊಂಡೆ. ತಪ್ಪು ನಂದು."

ಅಮ್ಮ ಅವಳ ತಟ್ಟೆಗೆ ಅನ್ನ ಕುಕ್ಕಿದಳು. ಅಪ್ಪ ಸೌಟು ಕೆಳಗಿಟ್ಟ.

"ತಪ್ಪು ಅಂದ್ಬಿಟ್ರೆ ಮುಗೀತಾ? ನಿಮ್ಮಮ್ಮನ ಕೈ ನೋಡಿದೀಯಾ? ಸೋಪಿನ ನೀರಿಗೆ ಚರ್ಮ ಸುಲಿದು ಬಂದಿದೆ."

"ನೋಡಿದೀನಿ. ದುಡ್ಡು ವಾಪಸ್ ಇಡೋವರೆಗೂ ಎಲ್ಲರ ಬಟ್ಟೆ ನಾನು ಒಗೀತೀನಿ. ನಿಂದೂ ಸೇರಿ."

"ನನ್ನ ಪ್ಯಾಂಟು ಹಿಂಡೋಕೆ ಈ ಕೈಯಲ್ಲಿ ಆಗತ್ತಾ?"

"ಅಮ್ಮನ ಕೈಯಲ್ಲಿ ಇಷ್ಟು ವರ್ಷ ಆಯ್ತಲ್ಲ. ಆಗ ನೀನು ಕೇಳಿದ್ದು ಕಾಣೆ."

ಅಪ್ಪನ ತುತ್ತು ಬಾಯಿಯ ಹತ್ತಿರವೇ ನಿಂತಿತು. "ಕಡ್ಡಿ ಮುರಿದ ಹಾಗೆ ಅಂದಳು ನೋಡು," ಎಂದು ಅಜ್ಜಿ ಬೊಚ್ಚು ಬಾಯಲ್ಲಿ ನಕ್ಕಳು. ಬೇರೆ ಯಾರೂ ನಗಲಿಲ್ಲ.

ಅವಳು ಒಗೆದಳು. ಫ್ಯಾಕ್ಟರಿಯಿಂದ ಬಂದವಳೇ ಬಚ್ಚಲು, ಬಚ್ಚಲಿನಿಂದ ಸೈಕಲ್ಲು. ಅಪ್ಪನ ಪ್ಯಾಂಟು ಒಗೆದರೆ ನೀರು ಒಂದು ದಿನ ಹಸಿರು, ಒಂದು ದಿನ ನೀಲಿ. ನಾನೂ ಅಪ್ಪನೂ ಪೌಡರ್ ಕೋಟಿಂಗ್ ಶೆಡ್ಡಿನಲ್ಲಿ ದುಡಿಯುತ್ತೇವೆ. ಗೇಟು, ಕಿಟಕಿಯ ಸರಳು, ಬಾಲ್ಕನಿಯ ಕಂಬಿ ಬರುತ್ತವೆ. ನಾನು ತುಕ್ಕು ಉಜ್ಜುತ್ತೇನೆ, ಅಪ್ಪ ಬಂದೂಕಿನಂಥ ಕೊಳವೆಯಲ್ಲಿ ಬಣ್ಣದ ಪುಡಿ ಊದುತ್ತಾನೆ, ಆಮೇಲೆ ಕೊಕ್ಕೆಗೆ ತೂಗುಹಾಕಿ ಭಟ್ಟಿಗೆ ತಳ್ಳುತ್ತೇವೆ. ಭಟ್ಟಿ ಒಂದು ಕೋಣೆಯಷ್ಟು ದೊಡ್ಡದು. ಆ ಕಾವಿಗೆ ಪುಡಿ ಕರಗಿ ಕಬ್ಬಿಣಕ್ಕೆ ಚರ್ಮದ ಹಾಗೆ ಕೂರುತ್ತದೆ. ಅಪ್ಪ ಬಣ್ಣ ಕೂರಿಸಿದ ಗೇಟಿನಲ್ಲಿ ಮುಖ ನೋಡಿಕೊಳ್ಳಬಹುದು. ಅದು ಅವನಿಗೂ ಗೊತ್ತು, ಅದೇ ತೊಂದರೆ.

ಹೊಸ ಚಕ್ರ ಹಾಕಿದ ಮೇಲೆ ಕಡ್ಡಿಯ ಮಾತೇ ಬದಲಾಯಿತು. "ಅಣ್ಣ, ಕೆರೆ ಏರಿ ಮೇಲೆ ಎದುರು ಗಾಳಿ ಇದ್ರೂ ಯಾರೋ ಹಿಂದಿಂದ ತಳ್ಳಿದ ಹಾಗಾಗತ್ತೆ," ಎನ್ನುತ್ತಿದ್ದಳು. ಅವಳ ತಟ್ಟೆಗೆ ಅಮ್ಮ ಒಂದು ಮೊಟ್ಟೆ ಹೆಚ್ಚಿಗೆ ಇಡತೊಡಗಿದಳು. ಮುಖ ಮಾತ್ರ ಸಡಿಲಿಸಲಿಲ್ಲ.

ಒಂದು ಭಾನುವಾರ ಅವಳು ಗಾಳಿ ಪಂಪು ಮರೆತು ಹೋದಳು. ನಾನೂ ಅಪ್ಪನೂ ಮೊಪೆಡ್ಡಿನಲ್ಲಿ ಸೇತುವೆಯ ಹತ್ತಿರ ಹೋದೆವು. ಕ್ಲಬ್ಬಿನವರು ಸೇರುವುದು ಅಲ್ಲೇ. ಕನ್ನಡಕದ ಅಂಗಡಿಯ ಯಜಮಾನರೂ ಇದ್ದರು. ಅವರ ಮಗಳೂ ಆಯ್ಕೆ ಓಟಕ್ಕೆ ಇಳಿಯುವವಳು. ಅವರು ಬಗ್ಗಿ, ಕಡ್ಡಿಯ ಕಪ್ಪು ಚಕ್ರದ ಸುತ್ತ ಕಣ್ಣಾಡಿಸಿದರು.

"ಏನಮ್ಮಾ, ಎಲ್ಲೂ ಕಂಪನಿ ಹೆಸರೇ ಇಲ್ಲ? ಅಪ್ಪ ಅಮ್ಮ ಇಲ್ಲದ ಚಕ್ರಾನಾ?"

ಸುತ್ತ ನಿಂತವರು ನಕ್ಕರು. ಕಡ್ಡಿಯೂ ನಕ್ಕಳು. "ಹೆಸರು ಎಲ್ಲಿ ಓಡತ್ತೆ ಅಂಕಲ್? ಓಡೋದು ಚಕ್ರ."

ಅಪ್ಪ ನಗಲಿಲ್ಲ. ವಾಪಸ್ ಬರುವಾಗ ದಾರಿಯುದ್ದಕ್ಕೂ ಗೊಣಗಿದ. "ಕರಿ ಚಕ್ರ. ಮಸಿ ಬಳಿದ ಹಾಗಿದೆ. ನಗದೆ ಏನು ಮಾಡ್ತಾರೆ? ನನ್ನ ಮಗಳನ್ನ ನೋಡಿ ನಗ್ತಾನೆ, ಎರಡು ಗಾಜು ಮಾರೋನು."

"ಅವಳಿಗೇ ಬೇಜಾರಿಲ್ಲ, ನಿಂಗೇನಪ್ಪಾ?" ಎಂದೆ.

"ನಿಂಗೆ ಗೊತ್ತಾಗಲ್ಲ, ಸುಮ್ನೆ ಕೂತ್ಕೋ."

ಆಯ್ಕೆ ಓಟಕ್ಕೆ ಇನ್ನು ಎರಡು ವಾರವಿತ್ತು. ಅಂದು ನಾನು ಲಾರಿಯಲ್ಲಿ ಗೇಟು ಇಳಿಸಲು ಹೋಗಿದ್ದೆ. ಮಧ್ಯಾಹ್ನ ಶೆಡ್ಡಿಗೆ ಬಂದರೆ ಅಪ್ಪ ಸಿಳ್ಳೆ ಹಾಕುತ್ತಿದ್ದ. ಅವನ ಹುಬ್ಬಿನ ಮೇಲೆಲ್ಲ ಕಿತ್ತಳೆ ಪುಡಿ.

"ಏನಪ್ಪಾ, ಇಷ್ಟು ಖುಷಿ?"

"ನಿನ್ನ ತಂಗಿ ಸಂಜೆ ಬಂದು ಕುಣೀತಾಳೆ ನೋಡು. ಆ ಕನ್ನಡಕದವನಿಗೆ ಕಣ್ಣು ಕುಕ್ಕಬೇಕು, ಅಂಥ ಬಣ್ಣ ಹೊಡೆದಿದೀನಿ."

"ಯಾವುದಕ್ಕೆ?"

"ಚಕ್ರಕ್ಕೆ. ಅವಳು ಪಾಳಿಗೆ ಹೋದ ಮೇಲೆ ಸೈಕಲ್ಲಿಂದ ಕಳಚಿ ತಂದೆ. ಟೈರು ಬಿಚ್ಚಿ, ನಡುವಿಗೆ ಟೇಪು ಸುತ್ತಿ, ಅಚ್ಚುಕಟ್ಟಾಗಿ ಮಾಡಿದೀನಿ."

"ಭಟ್ಟಿಗೆ ಹಾಕಿದ್ಯಾ?"

"ಮತ್ತೆ ಬಿಸಿಲಿಗೆ ಹರವಬೇಕಿತ್ತಾ?"

"ಅಪ್ಪ, ಅದು ಕಬ್ಬಿಣ ಅಲ್ಲ. ನೂಲು, ಅಂಟು, ಎರಡೂ ಸೇರಿಸಿ ಅಚ್ಚಲ್ಲಿ ಒತ್ತಿರೋದು. ಕಡ್ಡಿ ಊಟಕ್ಕೆ ಕೂತಾಗೆಲ್ಲ ಹೇಳ್ತಿರ್ತಾಳೆ."

"ಬೆರಳಲ್ಲಿ ಬಡಿದು ನೋಡಿದೀನಿ, ಟಣ್ ಅಂತು. ಶಾಲೆ ಬಿಟ್ಟವನು ನಂಗೆ ಪಾಠ ಹೇಳ್ಬೇಡ."

ನಾನು ಓಡಿಹೋಗಿ ಬಾಗಿಲು ಎಳೆದೆ. ಸುಟ್ಟ ಅಂಟಿನ ನಾತ ಮುಖಕ್ಕೆ ಹೊಡೆಯಿತು. ಎರಡು ಚಕ್ರಗಳೂ ಕೊಕ್ಕೆಯಲ್ಲಿ ತೂಗುತ್ತಿದ್ದವು. ಸ್ಪೋಕು ಎಳೆದ ಕಡೆಯೆಲ್ಲ ಅಂಚು ಒಳಕ್ಕೆ ಜಗ್ಗಿ, ದುಂಡನೆಯ ಚಕ್ರ ಮೂಲೆ ಮೂಲೆಯಾಗಿತ್ತು. ಕಿತ್ತಳೆ ಬಣ್ಣದ ಅಡಿಯಲ್ಲಿ ಬೊಕ್ಕೆಗಳು ಎದ್ದಿದ್ದವು. ಒಂದು ಕಡೆ ಪದರ ಬಿಟ್ಟು, ನೆನೆದ ಪುಸ್ತಕದ ಹಾಗೆ ಬಾಯಿ ತೆರೆದಿತ್ತು.

ಸಿಳ್ಳೆ ನಿಂತಿತು. "ಭಟ್ಟಿಯಲ್ಲಿ ಏನ್ರೋ ಸತ್ತಿದೆ?" ಎಂದು ಶೆಡ್ಡಿನ ಯಜಮಾನ ಕೂಗುತ್ತಾ ಬಂದ. ಚಕ್ರ ಆರಿದ ಮೇಲೆ ಅಪ್ಪ ಅವನ್ನು ಗೋಣಿಚೀಲದಲ್ಲಿ ಸುತ್ತಿದ.

ಮನೆಯಲ್ಲಿ ಕಡ್ಡಿ ಚೀಲ ಬಿಚ್ಚಿದಳು. ಹೆಬ್ಬೆರಳಿನಿಂದ ಒಂದು ಬೊಕ್ಕೆ ಒತ್ತಿದಳು. ಅದು ಕುಸಿಯಿತು. ಅವಳು ಅಳಲಿಲ್ಲ.

"ಬಣ್ಣ ಹಾಕೋಣ ಅಂತ," ಎಂದು ಅಪ್ಪ ಗೋಡೆಗೆ ಹೇಳಿದ. "ಅಗ್ಗದ ಮಾಲು ಕಣೆ. ಗಟ್ಟಿ ಮಾಲಾಗಿದ್ರೆ ತಡ್ಕೋತಿತ್ತು. ಆ ವಿದೇಶದವರು ನಿಂಗೆ ಟೋಪಿ ಹಾಕಿದಾರೆ."

"ಯಾವ ಕಾರ್ಬನ್ನೂ ನಿನ್ನ ಭಟ್ಟೀಲಿ ತಡ್ಕೊಳ್ಳಲ್ಲ. ಅಂಗಡೀಲಿ ಹತ್ತು ಪಟ್ಟು ದುಡ್ಡು ಕೊಟ್ಟು ತಂದಿದ್ರೂ ಇದೇ ಗತಿ. ನನ್ನ ಒಂದು ಮಾತು ಕೇಳೋಕೆ ಏನಾಗಿತ್ತು?"

"ನೀನು ಮಷೀನಿನ ದುಡ್ಡು ಕೇಳಿ ತಗೊಂಡ್ಯಾ?"

"ಇಲ್ಲ. ಅವತ್ತೇ ಊಟಕ್ಕೆ ಕೂತು ತಪ್ಪು ನಂದು ಅಂದೆ. ಇವತ್ತಿಗೂ ನಿನ್ನ ಪ್ಯಾಂಟು ಹಿಂಡ್ತಿದೀನಿ. ಈಗ ನಿನ್ನ ಸರದಿ, ಹೇಳು."

ಅಪ್ಪ ಎದ್ದ. "ಅಪ್ಪ ಅನ್ನೋ ಮರ್ಯಾದೆ ಇಲ್ವಾ ಈ ಮನೇಲಿ?" ಚಪ್ಪಲಿ ಮೆಟ್ಟಿಕೊಂಡು ಹೊರಗೆ ನಡೆದ.

"ಪ್ರೀತಿಯಿಂದ ಮಾಡಿದ್ದು ಕಣೆ ಅವರು," ಎಂದಳು ಅಮ್ಮ.

ಆ ಮಾತು ಮನೆಯನ್ನು ಹಿಡಿದುಕೊಂಡಿತು. ಬೆಳಗ್ಗೆ ಚಹಾ ಕೊಡುವಾಗ ಪ್ರೀತಿಯಿಂದ ಮಾಡಿದ್ದು, ಪಾತ್ರೆ ಉಜ್ಜುವಾಗ ಪ್ರೀತಿಯಿಂದ ಮಾಡಿದ್ದು. ಅಪ್ಪ ಊಟ ಬಿಟ್ಟ. ಬಿಟ್ಟ ಎಂದರೆ ಮನೆಯಲ್ಲಿ ಬಿಟ್ಟ. ಶೆಡ್ಡಿನ ಪಕ್ಕದ ಹೋಟೆಲಿನಲ್ಲಿ ಎರಡು ತಟ್ಟೆ ಬಾರಿಸುವುದನ್ನು ನಾನು ನೋಡುತ್ತಲೇ ಇದ್ದೆ. ಅಮ್ಮ ಕಡ್ಡಿಯ ಹಿಂದೆ ಬಿದ್ದಳು.

"ಹೋಗಿ ಒಂದು ಮಾತಾಡೇ. ಸೊರಗಿ ಹೋಗಿದಾರೆ."

ನನ್ನ ಮೈ ಉರಿಯಿತು. "ಯಾಕೆ? ಸುಟ್ಟವನು ಮುನಿಸ್ಕೊಂಡು ಕೂತಿದಾನೆ, ಕಳ್ಕೊಂಡವಳು ಹೋಗಿ ಗಲ್ಲ ಹಿಡೀಬೇಕಾ? ಅವಳ ಆಯ್ಕೆ ಓಟ ಹಾಳಾಗಿದೆ, ಅವಳು ಊಟ ಬಿಟ್ರೆ ಯಾರು ಕೇಳ್ತಾರೆ?"

"ನೀನು ಬೆಂಕಿಗೆ ಎಣ್ಣೆ ಸುರೀಬೇಡ."

ಅಜ್ಜಿ ಮಂಚದಿಂದ ಹೇಳಿದಳು: "ನನ್ನ ಮಗ ಚಿಕ್ಕವನಿದ್ದಾಗ್ಲೂ ಹಾಗೇ. ತಾನೇ ಗಡಿಗೆ ಒಡೆದು ತಾನೇ ಅಳೋನು. ನಾನು ಎತ್ಕೊಂಡು ಮುದ್ದು ಮಾಡ್ತಿದ್ದೆ." ಸ್ವಲ್ಪ ಹೊತ್ತು ಹೊದಿಕೆಯ ಅಂಚು ಮಡಿಸುತ್ತಿದ್ದಳು. "ಎತ್ಕೋಬಾರದಿತ್ತು, ಬೆನ್ನಿಗೆರಡು ಬಿಡಬೇಕಿತ್ತು."

ಅಜ್ಜಿ ನ್ಯಾಯ ಹೇಳಿದಳು ಎಂದು ನಾನು ಅಂದುಕೊಂಡೆ. ಮರುದಿನ ಅವಳೇ ಉಪಾಯ ಹೇಳಿದಳು. "ಆ ಹುಡುಗಿಗೆ ಬರಿ, ಚಕ್ರ ಬರುವಾಗಲೇ ಹೀಗಿತ್ತು ಅಂತ. ಹೊಸದು ಕಳಿಸ್ತಾಳೆ. ಅಷ್ಟು ದೂರದವಳು ಬಂದು ನೋಡ್ತಾಳಾ?"

"ಹೂಂ, ಹಾಗೇ ಬರಿ," ಎಂದಳು ಅಮ್ಮ. "ಒಂದು ಸುಳ್ಳಿಗೆ ಯಾರ ಮನೆ ಮುಳುಗತ್ತೆ?"

ಕಡ್ಡಿ ಅಪ್ಪನ ಕಡೆ ತಿರುಗಿದಳು. ಅವನು ಬಾಗಿಲ ಬಳಿ ಶೂ ಒರೆಸುತ್ತಿದ್ದ. "ಏನಂತ ಬರೀಲಿ? ನೀನೇ ಹೇಳು."

"ಅವರೆಲ್ಲ ಹೇಳ್ತಿದಾರಲ್ಲ," ಎಂದ ಅಪ್ಪ, ಶೂವಿನಿಂದ ಕಣ್ಣೆತ್ತದೆ.

ಅವಳು ಅಲ್ಲೇ ನಿಂತು, ಒಂದೊಂದೇ ಮಾತು ಗಟ್ಟಿಯಾಗಿ ಹೇಳುತ್ತಾ ಬರೆದಳು. "ಚಕ್ರ ಚೆನ್ನಾಗಿತ್ತು. ನನ್ನ ತಂದೆ ಬಣ್ಣ ಹಾಕಲು ಗೇಟು ಬೇಯಿಸುವ ಭಟ್ಟಿಗೆ ಇಟ್ಟರು. ಚಿತ್ರ ಕಳಿಸಿದ್ದೇನೆ. ಏನಾದರೂ ದಾರಿ ಇದೆಯೇ?"

ಮಾರನೆಯ ದಿನ ಉತ್ತರ ಬಂತು. ಪ್ರಿಯ ಗೆಳತಿ, ಬೆಂಕಿಗೆ ಹೋದದ್ದಕ್ಕೆ ಗ್ಯಾರಂಟಿ ಇಲ್ಲ. ಚಕ್ರದ ಹೊರಗಿನ ಬಳೆಗಳನ್ನು, ಅಂದರೆ ರಿಮ್ಮುಗಳನ್ನು, ಅರ್ಧ ಬೆಲೆಗೆ ಕೊಡಬಹುದು, ಆದರೆ ನಿನ್ನ ಓಟದ ಹೊತ್ತಿಗೆ ತಲುಪುವುದಿಲ್ಲ. ಕೊನೆಯಲ್ಲಿ ಇನ್ನೊಂದು ಸಾಲು: ನಿನ್ನ ತಂದೆ ಆರಿಸಿದ ಬಣ್ಣ ಮಾತ್ರ ಬಹಳ ಚೆನ್ನಾಗಿದೆ.

ಕಡ್ಡಿ ಅದನ್ನು ಎರಡು ಸಲ ಓದಿ ನಕ್ಕಳು. ಚಕ್ರ ಸುಟ್ಟ ಮೇಲೆ ಅವಳು ನಕ್ಕಿದ್ದು ಅದೇ ಮೊದಲು, ಅದೂ ಮುಖ ಕಾಣದ ಒಬ್ಬ ಹುಡುಗಿಯ ಮಾತಿಗೆ. ಆಮೇಲೆ ಹಿತ್ತಲಿನಿಂದ ಹಳೆಯ ಎಮ್ಮೆ ಚಕ್ರಗಳನ್ನು ತಂದು ಒರೆಸತೊಡಗಿದಳು.

ಅಷ್ಟಾದರೂ ಸಹಿಸಬಹುದಿತ್ತು. ಆದರೆ ಅಪ್ಪ ಬೀದಿಗೆ ಇಳಿದಿದ್ದ. ಚಹಾದಂಗಡಿಯಲ್ಲಿ, ಕಟಿಂಗ್ ಶಾಪಿನಲ್ಲಿ, ಕೇಳಿದವರಿಗೂ ಕೇಳದವರಿಗೂ ಒಂದೇ ಕತೆ: ಮಗಳು ಫೋನಿನಲ್ಲಿ ನೋಡಿ ವಿದೇಶದಿಂದ ಚಕ್ರ ತರಿಸಿದಳು, ಮೋಸ ಹೋದಳು, ಎರಡೇ ವಾರದಲ್ಲಿ ಬೊಕ್ಕೆ ಎದ್ದಿತು. ಭಟ್ಟಿಯ ಸುದ್ದಿಯೇ ಇಲ್ಲ. ಪಕ್ಕದ ಮನೆಯ ದರ್ಜಿ ಒಗೆದ ಬಟ್ಟೆ ಹರವುತ್ತಿದ್ದ ಕಡ್ಡಿಯನ್ನು ನಿಲ್ಲಿಸಿ ಬುದ್ಧಿ ಹೇಳಿದ.

"ಕಣ್ಣಿಗೆ ಕಾಣದ ಅಂಗಡೀಲಿ ಯಾಪಾರ ಮಾಡಬಾರದಮ್ಮ. ಪಾಪ, ನಿಮ್ಮಪ್ಪ ಎಷ್ಟು ನೊಂದ್ಕೊಂಡಿದಾರೆ."

ಅವಳು ಅಪ್ಪನ ಪ್ಯಾಂಟನ್ನು ತಂತಿಗೆ ಹಾಕಿ, ಕ್ಲಿಪ್ಪು ಸಿಕ್ಕಿಸಿದಳು. "ಹೌದು ಅಂಕಲ್, ಬಹಳ ನೊಂದ್ಕೊಂಡಿದಾರೆ."

ನಾನು ಶೆಡ್ಡಿನಲ್ಲಿ ಅಪ್ಪನನ್ನು ಹಿಡಿದುಕೊಂಡೆ. "ಊರೆಲ್ಲ ಅವಳನ್ನ ಪೆದ್ದಿ ಅಂತಿದೆ. ನಿನ್ನ ಮೂಗು ಉಳಿಸ್ಕೊಳ್ಳೋಕೆ ಅವಳ ಮೂಗು ಕೊಯ್ದೆಯಾ?"

"ಎರಡು ದಿನ ಆಡ್ಕೋತಾರೆ, ಮರೀತಾರೆ. ಅವಳು ಚಿಕ್ಕವಳು. ನಂಗೆ ಈ ಕೈಕೆಲಸದಿಂದಲೇ ಹೊಟ್ಟೆ ತುಂಬಬೇಕು. ಮಗಳ ಚಕ್ರ ಸುಟ್ಟೋನು ಅಂದ್ರೆ ನಾಳೆ ಯಾರು ಗೇಟು ತಂದು ಕೊಡ್ತಾರೆ?"

"ಚಕ್ರಕ್ಕೂ ಗೇಟಿಗೂ ಏನು ಸಂಬಂಧ?"

"ಕೆಲಸ ನೋಡ್ಕೋ ಹೋಗು."

ನಾನು ಅಂದು ತುಕ್ಕು ಉಜ್ಜಿದ ರಭಸಕ್ಕೆ ಸರಳು ಬೆಳ್ಳಗಾಯಿತು. ಯಜಮಾನ ಬಂದು ಭೇಷ್ ಎಂದ.

ಆಯ್ಕೆ ಓಟದ ದಿನ ಕಡ್ಡಿ ಮುಂಚೆಯೇ ಸೈಕಲ್ ತುಳಿದುಕೊಂಡು ಹೋಗಿದ್ದಳು. ಅಪ್ಪ, ಅಮ್ಮ, ನಾನು ಮೂವರೂ ಬಸ್ಸಿನಲ್ಲಿ ಹೋದೆವು. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಒಗೆದದ್ದು ಯಾರೆಂದು ಹೇಳಬೇಕಾಗಿಲ್ಲ. ಹೆದ್ದಾರಿಯ ಪಕ್ಕ ಹಗ್ಗ ಕಟ್ಟಿದ್ದರು. ಹುಡುಗಿಯರು ಸಾಲಾಗಿ ನಿಂತಿದ್ದರು. ಕಡ್ಡಿಯ ಸರದಿಗೆ ಇನ್ನೊಬ್ಬಳು ಮುಂದಿದ್ದಳು.

ಕನ್ನಡಕದ ಅಂಗಡಿಯವರು ಅವಳ ಸೈಕಲ್ ನೋಡಿ ಹುಬ್ಬೇರಿಸಿದರು. "ಮತ್ತೆ ಹಳೇ ಚಕ್ರಾನಾ? ಆ ಹೊಸಾದು ಪಡ್ಚ ಆಯ್ತಂತೆ? ನಾನು ಅವತ್ತೇ ಅಂದುಕೊಂಡೆ. ಅಗ್ಗಕ್ಕೆ ಸಿಗತ್ತೆ ಅಂತ ಬಾಯಿ ಬಿಟ್ಟರೆ ಹೀಗೇ ಆಗೋದು. ಈ ಹುಡುಗಿಗೆ ಆಸೆ ಜಾಸ್ತಿ, ಬುದ್ಧಿ ಕಮ್ಮಿ."

ಕಡ್ಡಿ ಹೆಲ್ಮೆಟ್ಟಿನ ಪಟ್ಟಿ ಬಿಗಿದುಕೊಳ್ಳುತ್ತಿದ್ದಳು. ಅವಳ ಕೈ ನಿಂತಿತು, ಮತ್ತೆ ಬಿಗಿಯಿತು. ತಿರುಗಿ ನೋಡಲಿಲ್ಲ.

ಅಪ್ಪನ ಕತ್ತಿನ ನರ ಎದ್ದಿತು. ತನ್ನ ಬಾಯಿಂದ ಹೋದ ಕತೆ ಊರು ಸುತ್ತಿ ಬಂದು ಮಗಳ ಮುಖಕ್ಕೆ ಉಗುಳಿದ್ದನ್ನು ಅವನು ಕಣ್ಣಾರೆ ನೋಡಿದ್ದ.

"ಬುದ್ಧಿ ಮಾತು ತೆಗೀಬೇಡಿ," ಎಂದ. ಅವನ ಸ್ವರ ಕೀರಲಾಗಿತ್ತು. "ಚಕ್ರ ಒಳ್ಳೇದಿತ್ತು. ನನ್ನ ಮಗಳು ಸರಿಯಾಗಿ ನೋಡಿ ತಂದಿದ್ಲು. ಭಟ್ಟಿಗೆ ಹಾಕಿ ಸುಟ್ಟೋನು ನಾನು."

ಕನ್ನಡಕದವರು ಎರಡು ಹೆಜ್ಜೆ ಹಿಂದೆ ಸರಿದರು. ಅಷ್ಟರಲ್ಲಿ ಗೆರೆಯ ಬಳಿ ಇದ್ದವನು ಕಡ್ಡಿಯನ್ನು ಕರೆದ. ಅವಳು ಹೋದಳು. ತಲೆ ತಗ್ಗಿಸಿ, ಬೆನ್ನು ಮಡಿಸಿ, ಆ ಭಾರದ ಚಕ್ರಗಳನ್ನು ಬೈಯುವವಳಂತೆ ತುಳಿದಳು. ತಿರುವಿನಲ್ಲಿ ಮರೆಯಾಗುವವರೆಗೂ ಅಮ್ಮ ನನ್ನ ತೋಳು ಬಿಡಲಿಲ್ಲ.

ಮೂರನೆಯವಳಾಗಿ ಬಂದಳು. ಜಾಗ ಎರಡೇ. ಎರಡನೆಯವಳು ಕನ್ನಡಕದವರ ಮಗಳು. ಇಬ್ಬರ ನಡುವೆ ಒಂದು ಸೀನು ಸೀನುವಷ್ಟು ಅಂತರ.

ನಾವು ಬಸ್ ನಿಲ್ದಾಣದ ಕಡೆ ನಡೆದೆವು. ಕಡ್ಡಿ ಸೈಕಲ್ ತಳ್ಳಿಕೊಂಡು ಬರುತ್ತಿದ್ದಳು. ಕೆನ್ನೆಯ ಮೇಲೆ ಬೆವರಿನ ಉಪ್ಪು ಗೆರೆ ಕಟ್ಟಿತ್ತು.

"ಮುಂದಿನ ವರ್ಷ ಇದ್ದೇ ಇದೆ," ಎಂದ ಅಪ್ಪ. "ಆ ಅರ್ಧ ಬೆಲೆಯ ಬಳೆ ತರಿಸೋಣ. ನಾನು ಕೊಡ್ತೀನಿ."

ಅವಳು ನಿಂತಳು. "ಅಲ್ಲಿ ಅವರಿಗೆ ಏನೋ ಹೇಳಿದ್ಯಲ್ಲ. ಅದನ್ನ ನಂಗೆ ಹೇಳು."

"ನೀನೂ ಅಲ್ಲೇ ಇದ್ಯಲ್ಲ, ಕೇಳಿಸ್ಕೊಂಡಿದೀಯ."

"ಅದು ಅವರಿಗೆ ಹೇಳಿದ್ದು."

ಲಾರಿಯೊಂದು ಧೂಳೆಬ್ಬಿಸಿ ಹೋಯಿತು. ಅಪ್ಪ ಅಮ್ಮನ ಕಡೆ ನೋಡಿದ. ಇಷ್ಟು ವರ್ಷ ಅವನು ಹಾಗೆ ನೋಡಿದಾಗಲೆಲ್ಲ ಅಮ್ಮ ಏನಾದರೊಂದು ಮಾತು ಎತ್ತಿ ಅವನನ್ನು ದಡ ಸೇರಿಸುತ್ತಿದ್ದಳು. ಈಗ ಸೆರಗಿನಿಂದ ಮುಖ ಒರೆಸಿಕೊಂಡಳು.

"ನನ್ನ ಮುಖ ಯಾಕ್ರೀ ನೋಡ್ತೀರಿ? ಕೇಳ್ತಿರೋಳು ಅವಳು."

ಅಪ್ಪ ಒಮ್ಮೆ ರಸ್ತೆ ನೋಡಿದ, ಒಮ್ಮೆ ತನ್ನ ಉಗುರುಗಳನ್ನು ನೋಡಿಕೊಂಡ.

"ನಿನ್ನ ಚಕ್ರ ನಾನು ಹಾಳು ಮಾಡಿದೆ. ನಿನ್ನ ಕೇಳಲಿಲ್ಲ. ಆಮೇಲೆ ಊರ ತುಂಬ ನಿನ್ನ ಮೇಲೆ ಹಾಕಿದೆ." ಉಸಿರು ಎಳೆದುಕೊಂಡ. "ಪ್ರೀತಿಯಿಂದಲೇ ಕಣೆ—"

"ಅದನ್ನ ಸೇರಿಸಬೇಡ ಅಪ್ಪ. ಅಷ್ಟೇ ಇರಲಿ."

ಅವಳು ಸೈಕಲ್ ಹತ್ತಿ ಹೊರಟಳು. ಅಪ್ಪ ಬಾಯಿಯಲ್ಲಿ ಉಳಿದ ಮಾತನ್ನು ನುಂಗಿಕೊಂಡು ನಿಂತ. ಬಸ್ಸು ಬರುವವರೆಗೂ ಅಮ್ಮನಾಗಲಿ ನಾನಾಗಲಿ ಅವನನ್ನು ಸಮಾಧಾನ ಮಾಡಲು ಹೋಗಲಿಲ್ಲ.